ನಮ್ಮಿಬ್ಬರ ಸಂದೇಶಗಳನ್ನು ಓದುತ್ತಿದ್ದವರು

ಮದುವೆಯಾಗಿ ಆರು ತಿಂಗಳ ಮೇಲೆ, 2020ರ ಆರಂಭದಲ್ಲಿ ನಾನು ಅಮೆರಿಕದ ಅಟ್ಲಾಂಟಾ ಹತ್ತಿರದ ಕಮ್ಮಿಂಗ್ ಎಂಬ ಊರಿಗೆ ಬಂದೆ. ಅದಕ್ಕೆ ಮುಂಚೆ ಎಂಟು ವರ್ಷ ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಆ ಕೆಲಸದಲ್ಲಿ ಯಾರಿಗೂ ಬೇಡವಾದ ಒಂದು ಭಾಗವಿತ್ತು, ಅದು ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತಿತ್ತು. ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕುವುದು, ತೆಗೆದ ಮೇಲೂ ಅದರದ್ದು ಏನಾದರೂ ಒಳಗೆ ಉಳಿದುಕೊಂಡಿದೆಯೇ ಎಂದು ಹುಡುಕುವುದು. ಉಳಿದೇ ಇರುತ್ತಿತ್ತು. ಅದನ್ನು ಬರೆದು ಕಳಿಸಿದರೆ ಆ್ಯಪ್ ಮಾಡಿದವರು ಬೇಸರಪಟ್ಟುಕೊಳ್ಳುತ್ತಿದ್ದರು.

ನನ್ನ ಗಂಡ ಆಗಲೇ ಏಳು ವರ್ಷದಿಂದ ಅಟ್ಲಾಂಟಾ ಸುತ್ತಮುತ್ತ ಇದ್ದವರು. ಮೈಸೂರಿನವರೇ. ಸಾಫ್ಟ್‌ವೇರ್ ಎಂಜಿನಿಯರ್. ದನಿ ಎತ್ತಿ ಮಾತಾಡಿದವರಲ್ಲ. ನನ್ನನ್ನು ಕರೆದುಕೊಂಡು ಹೋಗಲು ಏರ್‌ಪೋರ್ಟಿಗೆ ಬಂದಾಗ ಕಾರಿನಲ್ಲೇ ಒಂದು ಹೊಸ ಫೋನ್ ಕೊಟ್ಟರು.

"ಎಲ್ಲಾ ಸೆಟಪ್ ಮಾಡಿಬಿಟ್ಟಿದ್ದೀನಿ," ಅಂದರು. "ಇಲ್ಲಿನ ನಂಬರು, ನಿನ್ನ ಅಕೌಂಟು, ಎಲ್ಲಾ. ನೀನು ಏನೂ ಮಾಡೋದೇ ಬೇಡ."

ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಬಂದವಳಿಗೆ ಆ ಮಾತು ಹಿತವಾಗಿತ್ತು.

ಎರಡೇ ತಿಂಗಳಲ್ಲಿ ಕೋವಿಡ್ ಬಂತು. ಮನೆ ಹೊಸ ಬಡಾವಣೆಯಲ್ಲಿತ್ತು, ಸುತ್ತ ಒಂದೇ ಥರದ ಮನೆಗಳು. ಗ್ಯಾರೇಜಿನ ಬಾಗಿಲು ತೆರೆಯುವುದು, ಒಂದು ಕಾರು ಒಳಗೆ ಹೋಗುವುದು, ಬಾಗಿಲು ಮುಚ್ಚುವುದು, ಇಷ್ಟೇ ನನಗೆ ಕಾಣುತ್ತಿದ್ದ ನೆರೆಹೊರೆ. ಬಡಾವಣೆಯ ಗೇಟು ದಾಟಿದರೆ ನಡೆಯಲು ದಾರಿಯಿಲ್ಲ. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅವರ ವೀಸಾದ ಜೊತೆಗೆ ಬಂದವಳಾದ್ದರಿಂದ ಕೆಲಸ ಮಾಡುವ ಹಾಗೂ ಇರಲಿಲ್ಲ. ಅವರು ಮೇಲಿನ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀಟಿಂಗುಗಳಲ್ಲಿರುತ್ತಿದ್ದರು. ನಾನು ಕೆಳಗೆ ಅಡುಗೆಮನೆಯಲ್ಲಿ ಇರುತ್ತಿದ್ದೆ.

ನನಗೆ ಮಾತಿಗೆ ಇದ್ದವಳು ತಂಗಿ. ಅಪ್ಪ ಅಮ್ಮ ಇಬ್ಬರೂ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಅವಳು ನನಗಿಂತ ಮೂರು ವರ್ಷ ಚಿಕ್ಕವಳು, ಮದುವೆಯಾಗಿ ದಾವಣಗೆರೆಯಲ್ಲಿ ಅತ್ತೆಮನೆಯಲ್ಲಿದ್ದಳು, ಅಲ್ಲೇ ಬ್ಯಾಂಕಿನಲ್ಲಿ ಆಫೀಸರ್. ಅವಳ ಅತ್ತೆಮನೆಯಲ್ಲಿ ನಿಂತು ಫೋನಿನಲ್ಲಿ ಮಾತಾಡಲು ಒಂದು ಮೂಲೆಯೂ ಇರಲಿಲ್ಲ. ಹಾಗಾಗಿ ನಾವು ಮೆಸೇಜುಗಳಲ್ಲೇ ಬದುಕಿದೆವು. ಅವಳು ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದಳು, ನಾನು ಅಡುಗೆಕಟ್ಟೆಗೆ ಒರಗಿ ಬರೆಯುತ್ತಿದ್ದೆ.

2021ರಲ್ಲಿ ಒಂದು ದಿನ ಅವಳಿಗೆ ಬರೆದೆ, ಯಾಕೋ ಹಲಸಿನ ಹಪ್ಪಳ ತಿನ್ನಬೇಕು ಅನಿಸ್ತಿದೆ ಕಣೇ ಎಂದು. ಮರುದಿನ ಸಂಜೆ ನನ್ನ ಗಂಡ ಇಂಡಿಯನ್ ಅಂಗಡಿಯಿಂದ ಸಾಮಾನು ತಂದರು. ಚೀಲದಲ್ಲಿ ಎರಡು ಪ್ಯಾಕೆಟ್ ಹಲಸಿನ ಹಪ್ಪಳವಿತ್ತು.

"ನಂಗೆ ಇದು ಬೇಕು ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?" ಎಂದು ಕೇಳಿದೆ.

"ನಿನ್ನ ಮನಸ್ಸಲ್ಲಿರೋದು ನಂಗೆ ಗೊತ್ತಾಗಲ್ವಾ?" ಅಂದು ನಕ್ಕರು.

ಅಂದು ಎಣ್ಣೆ ಕಾಯಿಸಿ ಹಪ್ಪಳ ಕರಿಯುತ್ತಾ ನನಗಾದ ಸಂತೋಷ ನಿಜವಾದದ್ದೇ. ತಂಗಿಗೂ ಬರೆದೆ, ನೋಡು, ಬಾಯಿಬಿಟ್ಟು ಕೇಳದೇ ತಂದುಕೊಟ್ಟರು ಎಂದು. ಅವಳು ಹೊಟ್ಟೆಕಿಚ್ಚಿನ ಇಮೋಜಿ ಕಳಿಸಿದಳು.

ಅದಾದ ಕೆಲವು ತಿಂಗಳಿಗೆ, ಬೆಂಗಳೂರಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬಳಿಗೆ ಮೆಸೇಜ್ ಹಾಕಿ, ಇಲ್ಲಿ ನನ್ನಂಥವರಿಗೆ ಕೆಲಸಕ್ಕೆ ಪರ್ಮಿಟ್ ಸಿಗುವ ದಾರಿ ಇದೆಯಂತೆ, ಇಲ್ಲಿರುವ ನಿನ್ನ ಅಕ್ಕ ಹೇಗೆ ಮಾಡಿದಳು ಕೇಳಿ ಹೇಳು ಎಂದಿದ್ದೆ. ಅಂದು ಊಟಕ್ಕೆ ಕೂತಾಗ ಅವರು ಸಾರು ಕಲಸುತ್ತಾ, "ಈಗ್ಲೇ ಕೆಲಸಕ್ಕೆ ಅಪ್ಲೈ ಮಾಡೋ ಅರ್ಜೆನ್ಸಿ ಏನಿದೆ? ನಾನೇನು ಕಮ್ಮಿ ಮಾಡಿದ್ದೀನಿ?" ಅಂದರು.

ನಾನು ಅವರಿಗೆ ಆ ವಿಷಯ ಹೇಳಿರಲಿಲ್ಲ. ಇನ್ನೊಂದು ಸೌಟು ಅನ್ನ ಬಡಿಸಿದೆ.

ಮರುದಿನ ಬೆಳಿಗ್ಗೆ ಅವರು ಮೇಲೆ ಮೀಟಿಂಗಿನಲ್ಲಿದ್ದಾಗ ಫೋನಿನ ಸೆಟ್ಟಿಂಗ್ಸ್ ತೆರೆದೆ. ಎಲ್ಲಿ ನೋಡಬೇಕೆಂದು ನನಗೆ ಗೊತ್ತಿತ್ತು. ಫೋನಿಗೆ ಬರುವ ಸಂದೇಶಗಳನ್ನು ಓದಲು ಯಾವ ಆ್ಯಪ್‌ಗಳಿಗೆ ಅನುಮತಿ ಇದೆ ಎಂಬ ಪಟ್ಟಿಯೊಂದು ಇರುತ್ತದೆ, ಸಾಮಾನ್ಯವಾಗಿ ಯಾರೂ ಅತ್ತ ಹೋಗುವುದಿಲ್ಲ. ಅದರಲ್ಲಿ 'ಮೆಸೇಜ್ ಸರ್ವಿಸ್' ಎಂಬುದೊಂದಿತ್ತು. ಹಲ್ಲಿನ ಚಕ್ರದ ಬೂದುಬಣ್ಣದ ಚಿತ್ರ, ಫೋನಿನ ಜೊತೆಯಲ್ಲೇ ಬಂದದ್ದೆಂದು ಅನಿಸುವಂಥದ್ದು. ಆದರೆ ಆ ಹೆಸರಿನದು ಯಾವುದೂ ಫೋನಿನ ಜೊತೆ ಬರುವುದಿಲ್ಲ. ಅದಕ್ಕೆ ಸಂದೇಶಗಳನ್ನು ಓದುವ ಅನುಮತಿ ಇತ್ತು, ಪರದೆಯ ಮೇಲೆ ಬರೆದದ್ದನ್ನು ಓದುವ ಅನುಮತಿ ಇತ್ತು, ತನ್ನನ್ನು ಯಾರೂ ತೆಗೆಯದಂತೆ ತಡೆಯುವ ಅಧಿಕಾರವೂ ಇತ್ತು. ತೆಗೆಯುವ ಗುಂಡಿ ಮಂಕಾಗಿತ್ತು. ಒತ್ತಿದರೆ ಏನೂ ಆಗಲಿಲ್ಲ. ಹಾಕಿದ ದಿನಾಂಕ ನೋಡಿದೆ. ನಾನು ಅಮೆರಿಕಕ್ಕೆ ಬರುವ ಹಿಂದಿನ ದಿನದ್ದು.

ನನಗೆ ಕೋಪ ಬರಬೇಕಿತ್ತು. ಏನೂ ಬರಲಿಲ್ಲ. ಫೋನನ್ನು ಬೋರಲಾಗಿಟ್ಟು ಕುಕ್ಕರಿಗೆ ಬೇಳೆ ಹಾಕಿದೆ. ಮೂರು ಸೀಟಿ ಆಗುವವರೆಗೂ ಅಲ್ಲೇ ನಿಂತಿದ್ದೆ ಎಂಬುದು ನೆನಪಿದೆ. ಕಿಟಕಿಯಾಚೆ ಒಬ್ಬಾತ ಹುಲ್ಲು ಕತ್ತರಿಸುತ್ತಿದ್ದ.

ಆಗಲೇ ಅದನ್ನು ತೆಗೆಯಬಹುದಿತ್ತು. ಮೊದಲು ಯಾವ ಅಧಿಕಾರ ಕಿತ್ತುಕೊಳ್ಳಬೇಕು, ಆಮೇಲೆ ಯಾವುದು, ಕೊನೆಗೆ ಆ್ಯಪ್ ಹೇಗೆ ಹೋಗುತ್ತದೆ ಎಂಬುದು ನನಗೆ ಕೈಯ ಅಭ್ಯಾಸದ ಹಾಗೆ ಗೊತ್ತಿತ್ತು. ಆದರೆ ತೆಗೆದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಒಂದು ಮಾತು ಶುರುವಾಗುತ್ತದೆ. ಆ ಮಾತಿನ ಕೊನೆಯಲ್ಲಿ ನಾನು ಎಲ್ಲಿರುತ್ತೇನೆ ಎಂದು ಯೋಚಿಸಲು ಹೋದರೆ ಮನಸ್ಸು ಓಡುತ್ತಲೇ ಇರಲಿಲ್ಲ. ಬಿಸಿಲಿನಲ್ಲಿ ತುಂಬ ಹೊತ್ತು ನಿಂತವರಿಗೆ ಆಗುವ ಹಾಗೆ ಒಂಥರಾ ಜೋಮು. ಹೀಗೆ ಒಂದು ದಿನ, ಒಂದು ವಾರ, ಒಂದು ತಿಂಗಳು ಹೋಯಿತು.

ಆ ಅವಧಿಯಲ್ಲಿ ನಾನು ಮಾಡಿದ ಕೆಲಸವೊಂದನ್ನು ಹೇಳಲು ಇವತ್ತಿಗೂ ಮುಜುಗರ. ನಾನು ಅವರು ಓದಲಿ ಎಂದೇ ಬರೆಯತೊಡಗಿದೆ. ತಂಗಿಗೆ ಬರೆಯುವ ಮೆಸೇಜುಗಳಲ್ಲಿ, ಇವರು ತುಂಬಾ ಒಳ್ಳೆಯವರು ಕಣೇ, ಇವತ್ತು ಕಾಫಿ ಅವರೇ ಮಾಡಿಕೊಟ್ಟರು, ನಾನೇ ಸುಮ್ಮನೆ ಸಿಡುಕುತ್ತೇನೆ, ಹೀಗೆಲ್ಲ ಬರೆದೆ. ಹಾಗೆ ಬರೆದ ದಿನ ಸಂಜೆ ಅವರು ಉಲ್ಲಾಸವಾಗಿರುತ್ತಿದ್ದರು. ಒಮ್ಮೆ, ಎಲ್ಲಾದರೂ ಹೊರಗೆ ಹೋಗಿ ಬಂದರೆ ಚೆನ್ನಾಗಿತ್ತು ಎಂದು ತಂಗಿಗೆ ಬರೆದೆ. ಆ ಶನಿವಾರವೇ ನಾರ್ತ್ ಕೆರೊಲಿನಾದ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಬಾಯಿಬಿಟ್ಟು ಕೇಳುವುದಕ್ಕಿಂತ ಅದೇ ಸುಲಭವಾಗಿತ್ತು. ತಂಗಿ ಮಾತ್ರ ಅವೆಲ್ಲವನ್ನೂ ನಿಜವೆಂದೇ ನಂಬಿದಳು. "ನಿನ್ನ ಅದೃಷ್ಟ ಅಕ್ಕ," ಎಂದು ಬರೆಯುತ್ತಿದ್ದಳು.

ಅವಳಿಗೆ ಎಚ್ಚರಿಕೆ ಕೊಡಬಹುದಿತ್ತು. ಒಂದು ಫೋನ್ ಕರೆ ಸಾಕಿತ್ತು. ಅದನ್ನೂ ಮಾಡಲಿಲ್ಲ. ಫೋನಿನಲ್ಲಿ ಆಡುವ ಮಾತನ್ನೂ ಅದು ಕೇಳುತ್ತದೇನೋ ಎಂಬ ಅನುಮಾನವಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಏನೆಂದರೆ, ಹೇಳಿದರೆ ಅವಳು ನನ್ನನ್ನು ಏನಾದರೂ ಮಾಡು ಎನ್ನುತ್ತಿದ್ದಳು. ಏನನ್ನೂ ಮಾಡುವ ಚೈತನ್ಯ ನನ್ನಲ್ಲಿರಲಿಲ್ಲ.

ನಾಲ್ಕು ತಿಂಗಳು ಹೀಗೆ ಕಳೆದವು. 2022ರ ವಸಂತದಲ್ಲಿ ಒಂದು ದಿನ ತಂಗಿ ಬರೆದಳು: "ಅಕ್ಕ, ಈ ಮನೇಲಿ ನಂಗೆ ಇರಕ್ಕಾಗ್ತಿಲ್ಲ. ಬೆಂಗಳೂರಿಗೆ ಟ್ರಾನ್ಸ್‌ಫರ್ ಕೇಳಿದ್ದೀನಿ. ಆರ್ಡರ್ ಬಂದ್ಮೇಲೆ ಇವ್ರಿಗೆ ಹೇಳ್ತೀನಿ. ನಿನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ."

ನಾನು ಓದಿದಾಗಲೇ ನನ್ನ ಗಂಡನೂ ಓದಿರುತ್ತಾರೆ. ಆದರೂ, ಬೇರೆಯವರ ಮನೆಯ ವಿಷಯ, ಅವರು ಸುಮ್ಮನಿರುತ್ತಾರೆ ಎಂದುಕೊಂಡೆ.

ಅವರು ಸುಮ್ಮನಿರಲಿಲ್ಲ. ಆ ಭಾನುವಾರ ದಾವಣಗೆರೆಗೆ ಫೋನ್ ಮಾಡಿ ತಮ್ಮ ಷಡ್ಡಕನ ಹತ್ತಿರ, ಅಂದರೆ ನನ್ನ ತಂಗಿಯ ಗಂಡನ ಹತ್ತಿರ, ವಿಷಯ ಹೇಳಿಬಿಟ್ಟರು. ನನ್ನೆದುರಿಗೆ ಅಲ್ಲ, ಮೇಲಿನ ಕೋಣೆಯಲ್ಲಿ ಕೂತು. ನನಗೆ ತಿಳಿದದ್ದು ಎರಡು ದಿನದ ಮೇಲೆ, ತಂಗಿ ಫೋನ್ ಮಾಡಿದಾಗ. ಬ್ಯಾಂಕಿನಿಂದ ಮಾಡಿದ್ದಳು. ಹಿಂದೆ ಜನರ ಸದ್ದಿತ್ತು.

"ನಿನಗೊಬ್ಳಿಗೇ ಹೇಳಿದ್ದೆ ಅಕ್ಕ," ಅಂದಳು.

ನಾನು ಒಲೆ ಆರಿಸಿದೆ.

"ಮನೇಲಿ ಎಲ್ಲರನ್ನೂ ಕೂರಿಸ್ಕೊಂಡು ಕೇಳಿದ್ರು. ಅತ್ತೆ, ಮಾವ, ಅವರ ಅಕ್ಕ, ಎಲ್ಲರೂ. ಟ್ರಾನ್ಸ್‌ಫರ್ ಅರ್ಜಿ ವಾಪಸ್ ತಗೊಂಡೆ. ಭಾವನಿಗೆ ಯಾಕೆ ಹೇಳ್ದೆ?"

"ನಾನು ಹೇಳ್ಲಿಲ್ಲ ಕಣೇ."

"ಮತ್ತೆ ಹೇಗೆ ಗೊತ್ತಾಯ್ತು ಅವರಿಗೆ?"

ಫೋನ್ ನನ್ನ ಕಿವಿಯಲ್ಲೇ ಇತ್ತು. ಆ 'ಮೆಸೇಜ್ ಸರ್ವಿಸ್' ಕೂಡ ಅದರೊಳಗೇ ಇತ್ತು. ಅವಳು ಸ್ವಲ್ಪ ಹೊತ್ತು ಕಾದು ಫೋನ್ ಇಟ್ಟಳು.

ನಮ್ಮ ಬಡಾವಣೆಯಲ್ಲೇ, ನಾಲ್ಕು ಮನೆ ಆಚೆಗೆ, ಒಬ್ಬರು ಆಂಟಿ ಇದ್ದರು. ಎಪ್ಪತ್ತು ದಾಟಿದವರು, ಮಕ್ಕಳ ಡಾಕ್ಟರಾಗಿ ನಲವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಲಾರೆನ್ಸ್‌ವಿಲ್ ಎಂಬ ಊರಿನ ಹಳೆಯ ಮನೆ ಮಾರಿ ಮಗಳ ಮನೆಗೆ ಹತ್ತಿರವಾಗಲೆಂದು ಹಿಂದಿನ ವರ್ಷವಷ್ಟೇ ಇಲ್ಲಿಗೆ ಬಂದಿದ್ದರು. ನಾವಿಬ್ಬರೂ ಬೆಳಗಿನ ಹೊತ್ತು ಬಡಾವಣೆಯ ಒಳಗೇ ಮೂರು ಸುತ್ತು ನಡೆಯುತ್ತಿದ್ದೆವು. ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ಕನ್ನಡದಲ್ಲಿ ನಮ್ಮ ಅಜ್ಜಿಯ ಕಾಲದ ಪದಗಳೂ ಅಮೆರಿಕದ ಇಂಗ್ಲಿಷೂ ಒಟ್ಟಿಗೇ ಇರುತ್ತಿದ್ದವು.

ತಂಗಿಯ ಫೋನ್ ಬಂದ ಮರುದಿನ, ನಡಿಗೆ ಮುಗಿಸಿದ ಮೇಲೆ ನಾನು ಅವರ ಮನೆಯ ಮುಂದೆ ನಿಂತೇ ಇದ್ದೆ.

"ಏನಮ್ಮಾ, ಒಳಗೆ ಬರ್ತೀಯಾ?" ಅಂದರು.

ನನ್ನ ಫೋನನ್ನು ಅವರ ಹೊರಬಾಗಿಲ ಪಕ್ಕದ ಮೇಜಿನ ಮೇಲಿಟ್ಟು, ಅದರ ಮೇಲೆ ನನ್ನ ಜಾಕೆಟ್ ಹೊದಿಸಿ, ಒಳಗೆ ಅಡುಗೆಮನೆಗೆ ಹೋದೆ. ಅವರು ಅದನ್ನು ನೋಡಿದರು. ಕಾಫಿ ಬೆರೆಸಿ ಮುಂದಿಟ್ಟರು. ನಾನು ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ದನಿ ಪಕ್ಕದ ಮನೆಯ ಸುದ್ದಿ ಹೇಳುವವರ ದನಿಯಂತೆ ಇತ್ತು. ಅಳು ಬರಲಿಲ್ಲ.

ಆಂಟಿ ಅಯ್ಯೋ ಪಾಪ ಎನ್ನಲಿಲ್ಲ. ರೋಗಿಯನ್ನು ವಿಚಾರಿಸುವ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು.

"ಹೊಡೀತಾನಾ?"

"ಇಲ್ಲ ಆಂಟಿ."

"ಹೊರಗೆ ಹೋಗಬೇಡ ಅಂತಾನಾ?"

"ಅನ್ನಲ್ಲ. ಆದ್ರೆ ನಾನು ಹೋಗೋದಾದ್ರೂ ಎಲ್ಲಿಗೆ?"

"ಪಾಸ್‌ಪೋರ್ಟ್ ಎಲ್ಲಿದೆ?"

"ಅವರ ಡ್ರಾಯರ್‌ನಲ್ಲಿ."

"ಮೊದಲು ಅದು," ಅಂದರು. "ಫೋನ್ ಆಮೇಲೆ. ಅದನ್ನ ಈಗ್ಲೇ ಮುಟ್ಟಬೇಡ. ಅವನಿಗೆ ಗೊತ್ತಾಗೋ ದಿವಸ ನೀನು ಎಲ್ಲಿರ್ತೀಯ ಅಂತ ಡಿಸೈಡ್ ಮಾಡ್ಕೊಂಡು ಮುಟ್ಟು."

ಅವರ ಮನೆಯ ಲ್ಯಾಂಡ್‌ಲೈನಿನಿಂದ, ನಮ್ಮ ಕಡೆಯ ಹೆಂಗಸರಿಗೆಂದೇ ಇರುವ ಒಂದು ಸಹಾಯವಾಣಿಗೆ ಫೋನ್ ಮಾಡಿಸಿದರು. ಆ ಕಡೆಯಿದ್ದ ಹೆಂಗಸೂ ಬಹುಮಟ್ಟಿಗೆ ಅದೇ ಮಾತು ಹೇಳಿದಳು. ತೆಗೆಯುವ ಮೊದಲು ಅದು ಇದ್ದದ್ದಕ್ಕೆ ಫೋಟೋ ತೆಗೆದಿಟ್ಟುಕೊಳ್ಳಿ, ಕಾಗದಪತ್ರ ಕೈಯಲ್ಲಿರಲಿ, ಹೋಗಲು ಒಂದು ಜಾಗ ಇರಲಿ. "ನನ್ನ ಬೇಸ್‌ಮೆಂಟ್ ಖಾಲಿ ಇದೆ," ಎಂದು ಆಂಟಿ ಪಕ್ಕದಿಂದ ಕೂಗಿ ಹೇಳಿದರು, ಆ ಹೆಂಗಸಿಗೂ ಕೇಳಿಸುವಷ್ಟು ಜೋರಾಗಿ.

ಆಗ ನನ್ನ ಗಂಡನ ಆಫೀಸು ವಾರದಲ್ಲಿ ಮೂರು ದಿನ ಬರಬೇಕೆಂದು ಹೇಳಿ ಸ್ವಲ್ಪ ಕಾಲವಾಗಿತ್ತು. ಒಂದು ಮಂಗಳವಾರ ಅವರು ಹೊರಟ ಮೇಲೆ ಡ್ರಾಯರ್‌ನಿಂದ ನನ್ನ ಪಾಸ್‌ಪೋರ್ಟು, ಮದುವೆಯ ಸರ್ಟಿಫಿಕೇಟು, ಡಿಗ್ರಿಯ ಕಾಗದಗಳನ್ನು ತೆಗೆದು ಒಂದು ಕೈಚೀಲದಲ್ಲಿ ಹಾಕಿಕೊಂಡೆ. ಡ್ರಾಯರಿಗೆ ಬೀಗವೇ ಇರಲಿಲ್ಲ. ಎರಡು ವರ್ಷದಿಂದ ಅದು ಹಾಗೇ ಇತ್ತು. ಕೈಚೀಲ ಹಿಡಿದು ಆಂಟಿಯ ಮನೆಗೆ ಹೋದೆ.

ಅವರ ಊಟದ ಮೇಜಿನ ಮೇಲೆ ಫೋನಿಟ್ಟುಕೊಂಡು ಕೂತೆ. ಆಂಟಿ ಕನ್ನಡಕ ಹಾಕಿಕೊಂಡು ತಮ್ಮ ಫೋನ್ ಹಿಡಿದು ಪಕ್ಕದಲ್ಲಿ ಕೂತರು, ಪ್ರತಿಯೊಂದು ಹೆಜ್ಜೆಯ ಫೋಟೋ ತೆಗೆಯಲು. ಮೊದಲು ಅವರ ಕಂಪ್ಯೂಟರಿನಲ್ಲಿ ನನ್ನ ಅಕೌಂಟ್ ತೆರೆದು ಪಾಸ್‌ವರ್ಡ್ ಬದಲಿಸಿದೆ. ನನ್ನ ಮೆಸೇಜುಗಳು ಇನ್ನೊಂದು ಲ್ಯಾಪ್‌ಟಾಪಿನಲ್ಲೂ ತೆರೆದುಕೊಂಡಿರುವುದು ಅಲ್ಲಿ ಕಾಣಿಸಿತು. ಅದನ್ನು ಮುಚ್ಚಿಸಿದೆ. ಆಮೇಲೆ ಫೋನಿನ ಇಂಟರ್‌ನೆಟ್ ಆರಿಸಿದೆ. ತನ್ನನ್ನು ತೆಗೆಯದಂತೆ ತಡೆಯುವ ಅಧಿಕಾರವನ್ನು ಮೊದಲು ಹಿಂತೆಗೆದುಕೊಂಡೆ. ಹೀಗೆ ಮಾಡಿದರೆ ಫೋನ್ ಸರಿಯಾಗಿ ಕೆಲಸ ಮಾಡಲಿಕ್ಕಿಲ್ಲ ಎಂದು ಪರದೆಯಲ್ಲಿ ಎಚ್ಚರಿಕೆ ಬಂತು.

"ಹೆದರಿಸ್ತಾ ಇದೆ," ಅಂದರು ಆಂಟಿ.

"ಸುಳ್ಳು ಆಂಟಿ. ಏನೂ ಆಗಲ್ಲ."

ಪರದೆ ಓದುವ ಅನುಮತಿ ತೆಗೆದೆ, ಸಂದೇಶ ಓದುವ ಅನುಮತಿ ತೆಗೆದೆ. ಮಂಕಾಗಿದ್ದ ಗುಂಡಿ ಈಗ ಸರಿಯಾಗಿ ಕಾಣಿಸಿತು. ಒತ್ತಿದೆ. ಅಷ್ಟೇ. ಫೋನ್ ಆರಿಸಿ ಮತ್ತೆ ಹಚ್ಚಿದೆ.

"ಮುಗೀತಾ?"

"ಇನ್ನೂ ಇಲ್ಲ. ಏನು ಉಳಿದಿದೆ ಅಂತ ನೋಡ್ಬೇಕು."

ಉಳಿದಿತ್ತು. ಫೋನಿನ ಸ್ಟೋರೇಜಿನಲ್ಲಿ ಹೆಸರಿಗೆ ಅರ್ಥವಿಲ್ಲದ ಒಂದು ಫೋಲ್ಡರ್, ಅದರೊಳಗೆ ದಿನಕ್ಕೊಂದರಂತೆ ಫೈಲುಗಳು. ಒಂದನ್ನು ತೆರೆದೆ. ನಾನು ಬರೆದದ್ದೆಲ್ಲ ಅದರಲ್ಲಿತ್ತು, ಬರೆದು ಅಳಿಸಿದ್ದು ಕೂಡ. ತಂಗಿಗೆ "ನಂಗೆ ಇಲ್ಲಿ" ಎಂದು ಶುರು ಮಾಡಿ ಅಳಿಸಿದ ಸಾಲು ಎಂಟು ಸಲ ಇತ್ತು. ಅದರ ಕೆಳಗೆ, ಕಳಿಸಿದ ಸಾಲು: ಇವರು ತುಂಬಾ ಒಳ್ಳೆಯವರು ಕಣೇ.

ಆಂಟಿ ಫೋಟೋ ತೆಗೆದರು. ಅವರಿಗೂ ಕನ್ನಡ ಓದಲು ಬರುತ್ತದೆ ಎಂದು ಆಗ ನೆನಪಾಯಿತು. ಅವರು ಫೋನ್ ಕೆಳಗಿಟ್ಟು, ನನ್ನ ಬೆನ್ನ ಮೇಲೆ ಒಂದು ಕ್ಷಣ ಕೈಯಿಟ್ಟು, ಎದ್ದು ಹೋಗಿ ಒಲೆ ಹಚ್ಚಿದರು. ಆ ಫೋಲ್ಡರನ್ನು ಆಂಟಿಯ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿದೆ. ಪಟ್ಟಿಗಳನ್ನು ಇನ್ನೊಂದು ಸಲ ಮೊದಲಿನಿಂದ ನೋಡಿದೆ. ಏನೂ ಉಳಿದಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು.

ಕೈಚೀಲವನ್ನು ಆಂಟಿಯ ಹತ್ತಿರ ಬಿಟ್ಟು ಮನೆಗೆ ಹೋಗಿ ಅಡುಗೆ ಮಾಡಿದೆ. ಆಂಟಿ ಅಂದೇ ತಮ್ಮ ಮನೆಗೆ ಬಂದುಬಿಡು ಎಂದಿದ್ದರು. ನನಗೆ ಗಂಡನ ಬಾಯಿಂದ ಏನು ಬರುತ್ತದೆ ಕೇಳಬೇಕಿತ್ತು.

ಮೊದಲ ದಿನ ಅವರು ಏನೂ ಕೇಳಲಿಲ್ಲ. ಎರಡನೆಯ ದಿನವೂ ಇಲ್ಲ. ಊಟ ಮಾಡಿದರು, ಟಿವಿ ನೋಡಿದರು, ಕಾರು ಸರ್ವಿಸಿಗೆ ಬಿಡಬೇಕು ಅಂದರು. ನನ್ನ ಫೋನಿನತ್ತ ಮಾತ್ರ ಆಗಾಗ ನೋಡುತ್ತಿದ್ದರು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದರು.

"ಫೋನಲ್ಲಿ ಏನಾದ್ರೂ ಪ್ರಾಬ್ಲಮ್ ಆಗಿದ್ಯಾ?"

"ಇಲ್ಲ."

"ರೀಸೆಟ್ ಗೀಸೆಟ್ ಮಾಡಿದ್ಯಾ?"

"ಇಲ್ಲ. ನೀವು ಹಾಕಿದ್ದನ್ನ ತೆಗೆದೆ."

ಅವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. "ಅದು ನಿನ್ನ ಸೇಫ್ಟಿಗೋಸ್ಕರ ಹಾಕಿದ್ದು," ಅಂದರು. "ಹೊಸ ದೇಶ. ನಿಂಗೆ ಇಲ್ಲಿಯದು ಏನೂ ಗೊತ್ತಿರ್ಲಿಲ್ಲ."

"ನನ್ನ ತಂಗಿ ವಿಷಯ ಅವರ ಮನೇಲಿ ಹೇಳಿದ್ದು ಯಾರ ಸೇಫ್ಟಿಗೆ?"

"ಅವಳ ಸಂಸಾರ ಹಾಳಾಗ್ಬಾರ್ದು ಅಂತ ಹೇಳ್ದೆ. ನೀನಾದ್ರೂ ಬುದ್ಧಿ ಹೇಳ್ತೀಯ ಅಂತ ನೋಡ್ದೆ. ನೀನು ಏನೂ ಹೇಳ್ಲಿಲ್ಲ."

ಅವರು ನಾಟಕ ಆಡುತ್ತಿರಲಿಲ್ಲ. ಆ ಮಾತನ್ನು ಅವರು ನಂಬಿದ್ದರು. ಅದನ್ನು ನೋಡಿದ ಮೇಲೆ ನನಗೆ ವಾದ ಮಾಡಬೇಕೆಂದು ಅನಿಸಲಿಲ್ಲ. ಅವರು ಮತ್ತೆ ಮಾತಾಡಿದಾಗ ದನಿ ಸಣ್ಣದಾಗಿತ್ತು.

"ನನ್ನ ಬಗ್ಗೆ ಅಷ್ಟು ಚೆನ್ನಾಗಿ ಬರೀತಿದ್ದೆ. ನಾನು ಓದ್ತಾ ಇದ್ದೆ. ಅದೆಲ್ಲ ಸುಳ್ಳಾ?"

"ನೀವು ಓದ್ತೀರ ಅಂತ ಗೊತ್ತಿದ್ದೇ ಬರೀತಿದ್ದೆ ರೀ."

ಅವರು ನನ್ನ ಮುಖವನ್ನೇ ನೋಡಿದರು. ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ತೊಳೆದರು. ಅದುವರೆಗೆ ಅವರು ತಟ್ಟೆ ತೊಳೆದದ್ದನ್ನು ನಾನು ನೋಡಿರಲಿಲ್ಲ. ತುಂಬ ಹೊತ್ತು ತೊಳೆದರು.

ಆ ಸಂಜೆ ಎರಡು ಸೂಟ್‌ಕೇಸ್ ಎಳೆದುಕೊಂಡು ನಾಲ್ಕು ಮನೆ ದಾಟಿ ಆಂಟಿಯ ಬೇಸ್‌ಮೆಂಟಿಗೆ ಹೋದೆ. ಸೂಟ್‌ಕೇಸಿನ ಚಕ್ರಗಳು ರಸ್ತೆಯಲ್ಲಿ ಮಾಡಿದ ಸದ್ದಿಗೆ ಒಂದೆರಡು ಕಿಟಕಿಗಳ ಪರದೆ ಅಲುಗಿದವು. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು, ತಡೆಯಲಿಲ್ಲ.

ತಂಗಿಗೆ ಅಂದೇ ಫೋನ್ ಮಾಡಿದೆ. ಅವಳು ಎತ್ತಲಿಲ್ಲ. ಮೂರು ದಿನ ಪ್ರಯತ್ನಿಸಿ, ಕೊನೆಗೆ ಎಲ್ಲವನ್ನೂ ಬರೆದು ಕಳಿಸಿದೆ. ಫೋನಿನಲ್ಲಿ ಏನಿತ್ತು, ಅದು ಏನು ಮಾಡುತ್ತಿತ್ತು, ನನಗೆ ಯಾವಾಗ ಗೊತ್ತಾಯಿತು, ಹೇಗೆ ತೆಗೆದೆ. ಸುಳ್ಳು ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ. ಅವಳಿಂದ ಒಂದೇ ಸಾಲಿನ ಉತ್ತರ ಬಂತು: "ನಾಲ್ಕು ತಿಂಗಳಿಂದ ಗೊತ್ತಿತ್ತಾ?"

ಹೌದು ಎಂದು ಬರೆದೆ.

ಅದಾದ ಮೇಲೆ ಒಂದು ವರ್ಷ ಅವಳು ಬರೆಯಲಿಲ್ಲ. ನನ್ನ ಗಂಡನ ಮೇಲೆ ಅವಳಿಗೆ ಕೋಪವಿತ್ತೋ ಇಲ್ಲವೋ ತಿಳಿಯದು. ನನ್ನ ಮೇಲೆ ಇತ್ತು. ಅದು ಸರಿಯಾದದ್ದೇ ಎಂದು ನನಗೆ ಅನಿಸುತ್ತಿತ್ತು.

ಆಂಟಿಯ ಬೇಸ್‌ಮೆಂಟಿನಲ್ಲಿ ಹತ್ತು ತಿಂಗಳಿದ್ದೆ. ಮೊದಲ ಎರಡು ತಿಂಗಳು ಹೆಚ್ಚಾಗಿ ಮಲಗಿದ್ದೆ. ಆಂಟಿ ಮೇಲಿನಿಂದ ಮೆಟ್ಟಿಲ ಬಾಗಿಲು ತೆರೆದು, "ಎದ್ದಿದ್ಯಾ? ಉಪ್ಪಿಟ್ಟು ಆರ್ತಾ ಇದೆ," ಎಂದು ಕೂಗುತ್ತಿದ್ದರು. ಆಮೇಲೆ ಅವರೇ ನನಗೆ ಡ್ರೈವಿಂಗ್ ಕಲಿಸಿದರು, ಚರ್ಚೊಂದರ ಖಾಲಿ ಪಾರ್ಕಿಂಗಿನಲ್ಲಿ, ಒಂದು ಮಾತೂ ಬೈಯದೆ. ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದೆ. ನನ್ನ ಹೆಸರಿನಲ್ಲೇ ವೀಸಾ ಮಾಡಿಸಲು ಒಪ್ಪುವವರು ಬೇಕಿತ್ತು. ಕೊನೆಗೆ ವಾಷಿಂಗ್ಟನ್ನಿನ ಒಂದು ಸಂಶೋಧನಾ ಸಂಸ್ಥೆ ಒಪ್ಪಿತು, ಅವರ ಆ್ಯಪ್‌ಗಳನ್ನು ಪರೀಕ್ಷಿಸುವ ಕೆಲಸಕ್ಕೆ. 2023ರಲ್ಲಿ ಅಲ್ಲಿಗೆ ಹೋದೆ. ಆಂಟಿ ಬಸ್ಸಿನವರೆಗೆ ಬಂದು, "ಊಟ ಸರಿಯಾಗಿ ಮಾಡು. ವಾರಕ್ಕೊಂದ್ಸಲ ಕಾಲ್ ಮಾಡು. ಟೆಕ್ಸ್ಟ್ ಬೇಡ, ಆ ಸಣ್ಣ ಅಕ್ಷರ ನಂಗೆ ಓದಕ್ಕಾಗಲ್ಲ," ಅಂದರು.

ವಿಚ್ಛೇದನ ಜಗಳವಿಲ್ಲದೆ ಮುಗಿಯಿತು. ಅವರು ಯಾವುದಕ್ಕೂ ಅಡ್ಡ ಬರಲಿಲ್ಲ. ಆಂಟಿಯ ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನು ವಕೀಲರಿಗೆ ತೋರಿಸುವ ಅಗತ್ಯವೇ ಬೀಳಲಿಲ್ಲ. ಅವು ಈಗಲೂ ಅಲ್ಲೇ ಇವೆಯೇನೋ. ನಾನು ವಿಚಾರಿಸಿಲ್ಲ.

ವಾಷಿಂಗ್ಟನ್ನಿನಲ್ಲಿ ಮೆಟ್ರೋ ಹತ್ತಿದರೆ ಆಫೀಸು, ಇಳಿದು ಹತ್ತು ನಿಮಿಷ ನಡೆದರೆ ಮನೆ. ನನಗೆ ಅದು ಒಗ್ಗಿತು. ಬಹಳ ದಿನಗಳವರೆಗೆ ಮೆಸೇಜ್ ಬರೆಯುವಾಗ ಒಂದು ಅಭ್ಯಾಸ ಬಿಡಲಿಲ್ಲ. ಸಹೋದ್ಯೋಗಿಗಳಿಗೆ ಬರೆಯುವ ಎರಡು ಸಾಲನ್ನೂ ಮೂರನೆಯವರೊಬ್ಬರು ಓದಿದರೆ ಹೇಗಿರುತ್ತದೆ ಎಂದು ನೋಡಿ, ತಿದ್ದಿ, ಆಮೇಲೆ ಕಳಿಸುತ್ತಿದ್ದೆ. ಈಗ ಅದು ಕಡಿಮೆಯಾಗಿದೆ.

ತಂಗಿ ಒಂದು ಯುಗಾದಿಯಂದು ತಾನಾಗಿಯೇ ಶುಭಾಶಯ ಕಳಿಸಿದಳು. ಅಲ್ಲಿಂದ ಮಾತು ನಿಧಾನವಾಗಿ ಶುರುವಾಯಿತು. ಅವಳು ಎರಡನೆಯ ಸಲ ಅರ್ಜಿ ಹಾಕಿ, ಟ್ರಾನ್ಸ್‌ಫರ್ ಸಿಕ್ಕಿ, ಬೆಂಗಳೂರಿಗೆ ಬಂದು ಆರು ತಿಂಗಳಾದ ಮೇಲೆ ನನಗೆ ತಿಳಿಸಿದಳು. ಗಂಡನೂ ಅಲ್ಲೇ ಕೆಲಸ ಹುಡುಕಿಕೊಂಡು ಬಂದದ್ದನ್ನು ಆಮೇಲೆ ಹೇಳಿದಳು. ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ, ಯಾವಾಗಲೂ ಮುಖ ಮಾತ್ರ ಕಾಣುವ ಹಾಗೆ ಫೋನ್ ಹಿಡಿದು. ಏನು ಅಡುಗೆ, ಅಲ್ಲಿ ಚಳಿಯಾ, ಬ್ಯಾಂಕಿನಲ್ಲಿ ಯಾರು ಏನಂದರು, ಇಂಥವೇ. ಹಳೆಯದನ್ನು ಅವಳು ಎತ್ತಿಲ್ಲ, ನಾನೂ ಎತ್ತಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಮೆಟ್ರೋ ಕಾಯುತ್ತಾ ನಿಂತಿದ್ದಾಗ ಅವಳಿಂದ ಒಂದು ಫೋಟೋ ಬಂತು. ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಸುತ್ತಿದ ಮಗು. ಕೆಳಗೆ ಬರೆದಿದ್ದಳು: "ಹೆಣ್ಣು ಮಗು. ನಿನ್ನೆ ರಾತ್ರಿ ಆಯ್ತು. ಇಬ್ರೂ ಚೆನ್ನಾಗಿದ್ದೀವಿ."

ಒಂಬತ್ತು ತಿಂಗಳು ಪ್ರತಿ ಭಾನುವಾರ ನನ್ನ ಹತ್ತಿರ ಮಾತಾಡಿದ್ದಳು, ಒಂದು ಸಲವೂ ಹೇಳಿರಲಿಲ್ಲ. ಮುಖ ಮಾತ್ರ ಯಾಕೆ ತೋರಿಸುತ್ತಿದ್ದಳು ಎಂದು ಆಗ ಅರ್ಥವಾಯಿತು. ನನಗೆ ಸಿಟ್ಟು ಬರಲಿಲ್ಲ, ಬೇಸರವಾಯಿತೆಂದೂ ಹೇಳಲಾರೆ. ಒಂದು ರೈಲು ಬಂದು ಹೋಯಿತು. ಫೋಟೋ ದೊಡ್ಡದು ಮಾಡಿ ಮಗುವಿನ ಮುಖ ನೋಡಿದೆ. ಕಣ್ಣು ಮುಚ್ಚಿ ಮಲಗಿತ್ತು, ತಲೆತುಂಬ ಕೂದಲಿತ್ತು.

"ಕೂದಲು ಎಷ್ಟೊಂದಿದೆ!" ಎಂದು ಬರೆದು, ತಿದ್ದದೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳು ಇನ್ನೊಂದು ಫೋಟೋ ಕಳಿಸಿದಳು, ಅದರಲ್ಲಿ ಮಗು ಬಾಯಿ ತೆರೆದು ಅಳುತ್ತಿತ್ತು.